ಕತೆಗೊಂದು ಓದು, ಸಂಗತಿಗೊಂದು ಓದು

ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಪುಸ್ತಕ ಬಿಡುಗಡೆ ಮುಗಿದು ಎಲ್ಲರೂ ಚಹಾದ ಕಪ್ಪು ಹಿಡಿದು ನಿಂತಾಗ ಮುಂಬಯಿ ಕನ್ನಡಿಗರ ಬಾಯಲ್ಲಿ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಐವತ್ತು ದಾಟಿದವರದು: “ಈಗೀಗ ಕಾದಂಬರಿ ಹಿಡಿಸೋದಿಲ್ಲ ಮಾರಾಯ್ರೆ, ನಿಜವಾಗಿ ನಡೆದದ್ದು ಏನಾದ್ರೂ ಇದ್ರೆ ಹೇಳಿ.” ಅವರಿಗಿಂತ ಚಿಕ್ಕವರದು: “ಇತಿಹಾಸದ ಪುಸ್ತಕ ತಗೊಂಡೆ, ಐವತ್ತು ಪುಟ ಆಯ್ತು, ಮುಂದೆ ಹೋಗ್ತಾನೇ ಇಲ್ಲ.” ಎರಡನ್ನೂ ಅವರವರ ರುಚಿ ಎಂದು ಬಿಟ್ಟುಬಿಡುವುದು ವಾಡಿಕೆ. ನನಗೆ ಹಾಗನ್ನಿಸುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಓದುವ ಕ್ರಮದಿಂದ ಹುಟ್ಟಿದ ತೊಂದರೆಗಳು. ಕಾದಂಬರಿಯನ್ನು ದಿನಪತ್ರಿಕೆಯಂತೆ ದಿನಕ್ಕೆ ಐದಾರು ಪುಟ ಓದಿದರೆ ಅದು ಸಪ್ಪೆಯಾಗುತ್ತದೆ. ಚರಿತ್ರೆಯ ಪುಸ್ತಕವನ್ನು ಕಾದಂಬರಿಯಂತೆ ಮೊದಲ ಪುಟದಿಂದ ಒಂದೇ ಸಮನೆ ಓದಹೊರಟರೆ ಎರಡನೇ ಅಧ್ಯಾಯಕ್ಕೇ ಉಸಿರು ಕಟ್ಟುತ್ತದೆ. ಒಂದಕ್ಕೆ ಸಲ್ಲುವ ಓದನ್ನು ಇನ್ನೊಂದರ ಮೇಲೆ ಹೇರಿ, ಆಮೇಲೆ ಪುಸ್ತಕವನ್ನು ದೂರುತ್ತೇವೆ.

ನನ್ನ ಒಲವು ಯಾವ ಕಡೆ ಎಂದು ಮೊದಲೇ ಹೇಳಿಬಿಡುತ್ತೇನೆ: ಕತೆ, ಕಾದಂಬರಿಗಳ ಕಡೆಗೇ. ಮನುಷ್ಯ ತನಗೇ ಒಪ್ಪಿಕೊಳ್ಳದ ಸಂಗತಿಯನ್ನು ಇನ್ನೊಬ್ಬರ ಎದುರು ಹೇಗೆ ಮುಚ್ಚಿಡುತ್ತಾನೆ ಎನ್ನುವುದು ಕಾದಂಬರಿಯಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗುವುದಿಲ್ಲ. ಆದರೆ ಈ ಊರಿನ ಕನ್ನಡಿಗರು ಹೇಗೆ ಬಂದರು, ಎಲ್ಲಿ ಮಲಗಿದರು, ಯಾವ ರಾತ್ರಿ ಶಾಲೆಯಲ್ಲಿ ಕಲಿತರು ಎಂದು ತಿಳಿಯಬೇಕಾದರೆ ಕತೆ ಒಂದೇ ಸಾಲದು. ಆಗ ಕತೆಯಲ್ಲದ, ನಿಜದ ವಿಷಯ ಹೇಳುವ ಸಂಗತಿಯ ಪುಸ್ತಕಗಳಿಗೆ, ಅದರಲ್ಲೂ ಯಾರೂ ಪುಸ್ತಕವೆಂದೇ ಎಣಿಸದ ಕೆಲವಕ್ಕೆ, ಹೋಗಬೇಕಾಗುತ್ತದೆ. ಅವುಗಳ ಮಾತು ಕೆಳಗೆ ಬರುತ್ತದೆ.

ಪುಸ್ತಕ ಯಾವುದೇ ಇರಲಿ, ಕೈಗೆ ಬಂದ ಕೂಡಲೇ ಶೀರ್ಷಿಕೆಯ ಹಾಳೆ ತಿರುವಿ ಅದರ ಬೆನ್ನಿಗಿರುವ ಮುದ್ರಣದ ವಿವರ ಓದಬೇಕು. ನಮ್ಮ ಪ್ರಕಾಶಕರು ಅಲ್ಲಿ ಧಾರಾಳವಾಗಿ ಮಾಹಿತಿ ಕೊಡುತ್ತಾರೆ: ಮೊದಲ ಮುದ್ರಣದ ವರ್ಷ, ಈ ಮುದ್ರಣದ ವರ್ಷ, ಪ್ರತಿಗಳು 1000, ಪುಟಗಳು 12+248, ಬಳಸಿದ ಕಾಗದ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ (ಲೇಪವಿಲ್ಲದ ಸಾದಾ ಅಚ್ಚಿನ ಕಾಗದ), ಆಕಾರ 1/8 ಡೆಮಿ. ಒಂದೊಂದೂ ಉಪಯೋಗಕ್ಕೆ ಬರುವಂಥದ್ದೇ. 12+248 ಎಂದರೆ ಮುನ್ನುಡಿ, ಅರಿಕೆ, ಪರಿವಿಡಿ ಎಲ್ಲ ಸೇರಿ ಹನ್ನೆರಡು ಪುಟ, ಆಮೇಲೆ ಪುಸ್ತಕ. ಅದೇ ಜಾಗದಲ್ಲಿ 44+180 ಇದ್ದರೆ ಬರೆದವರಿಗಿಂತ ಮುಂಚೆ ಬೇರೆ ಯಾರೋ ಬಹಳ ಹೊತ್ತು ಮಾತಾಡಿದ್ದಾರೆ ಎಂದು ಅರ್ಥ. ಸಂಗತಿಯ ಪುಸ್ತಕಕ್ಕೆ ವರ್ಷವೇ ಮುಖ್ಯ. ‘ಮರುಮುದ್ರಣ’ ಎಂದಿದ್ದರೆ ಒಳಗಿನ ಒಂದಕ್ಷರವೂ ಬದಲಾಗಿಲ್ಲ. ‘ಪರಿಷ್ಕೃತ’ ಎಂದಿದ್ದರೆ ಮಾತ್ರ ಹೊಸದಾಗಿ ನೋಡಿದ್ದಾರೆ. ಆರೋಗ್ಯ, ಕಾನೂನು, ತೆರಿಗೆ, ಹೂಡಿಕೆಯ ಪುಸ್ತಕಗಳು ಹತ್ತು ವರ್ಷದಲ್ಲಿ ಹಳಸುತ್ತವೆ. ಈಚಿನ ಮುದ್ರಣದ ಹೊಸ ಮುಖಪುಟ ನೋಡಿ 1985ರ ಸಲಹೆಯನ್ನು ಕೊಂಡು ತರುವವರು ಇದ್ದಾರೆ.

ಕಾಗದ ಮತ್ತು ಆಕಾರದಿಂದ ತೂಕವೂ ತಿಳಿಯುತ್ತದೆ. ಮುಂಬಯಿಯಲ್ಲಿ ಓದುವವರಿಗೆ ಇದು ಸಣ್ಣ ವಿಷಯವಲ್ಲ. 1/8 ಡೆಮಿ ಎಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. 250 ಪುಟ ಎಂದರೆ 125 ಹಾಳೆ. 70 ಜಿಎಸ್‌ಎಂ ಕಾಗದವಾದರೆ ರಟ್ಟೂ ಸೇರಿ 280 ಗ್ರಾಂ ಆಸುಪಾಸು. ಇದನ್ನು ಒಂದೇ ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಲೋಕಲ್ ರೈಲಿನ ಮೇಲಿನ ಹಿಡಿಕೆ ಹಿಡಿದುಕೊಂಡು ಓದಬಹುದು. 600 ಪುಟದ ಗಟ್ಟಿ ರಟ್ಟಿನ ಪುಸ್ತಕ ಮುಕ್ಕಾಲು ಕಿಲೋ ತೂಗುತ್ತದೆ, ಅದನ್ನು ನಿಂತು ಓದುವ ಆಸೆ ಬಿಡಬೇಕು. ಮಧ್ಯೆ ನುಣುಪು ಆರ್ಟ್ ಪೇಪರಿನ ಫೋಟೋ ಪುಟಗಳಿರುವ ಪುಸ್ತಕವನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಚೀಲಕ್ಕೆ ಹಾಕಲೇಬಾರದು. ಆ ಕಾಗದದ ಮೇಲಿನ ಲೇಪ ನೆನೆದರೆ ಪುಟಗಳು ಒಂದಕ್ಕೊಂದು ಅಂಟಿ, ಬಿಡಿಸಹೋದಾಗ ಚಿತ್ರವೇ ಕಿತ್ತು ಬರುತ್ತದೆ. ಮ್ಯಾಪ್‌ಲಿಥೋ ನೆನೆದರೆ ಸುಕ್ಕಾಗುತ್ತದೆ ಅಷ್ಟೆ, ಓದಲು ಅಡ್ಡಿಯಿಲ್ಲ.

ಇನ್ನು ವೇಗ. ಯಾರದೋ ಲೆಕ್ಕ ನಂಬುವ ಬದಲು ತಮ್ಮದನ್ನು ತಾವೇ ಅಳೆಯುವುದು ಒಳ್ಳೆಯದು. ಒಂದು ಸಾಲಿನ ಪದ ಎಣಿಸಿ, ಪುಟದ ಸಾಲುಗಳಿಂದ ಗುಣಿಸಿದರೆ ಡೆಮಿ ಪುಸ್ತಕದಲ್ಲಿ ಸಾಮಾನ್ಯವಾಗಿ ಪುಟಕ್ಕೆ ಇನ್ನೂರರಿಂದ ಇನ್ನೂರೈವತ್ತು ಪದ ಬರುತ್ತದೆ. ಮೊದಲ ಅಧ್ಯಾಯ ಬಿಟ್ಟು ಮಧ್ಯದ ಹತ್ತು ಪುಟಕ್ಕೆ ಎಷ್ಟು ನಿಮಿಷ ಹಿಡಿಯಿತು ಎಂದು ನೋಡಿಕೊಳ್ಳಬೇಕು. ಪುಟಕ್ಕೆ ಎರಡು ನಿಮಿಷವಾದರೆ, ಡೊಂಬಿವಲಿಯಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ನಿಲ್ದಾಣಕ್ಕೆ) ಸ್ಲೋ ಗಾಡಿಯ ಒಂದೂಕಾಲು ಗಂಟೆಯಲ್ಲಿ ಹತ್ತುವ ಇಳಿಯುವ ಗದ್ದಲ ಕಳೆದು ಮೂವತ್ತು ಪುಟ ಸಿಗುತ್ತದೆ. ಇದೇ ಅಳತೆಯನ್ನು ಸಂಗತಿಯ ಪುಸ್ತಕಕ್ಕೆ ಹಿಡಿದರೆ ನಿರಾಶೆಯಾಗುತ್ತದೆ. ಅಲ್ಲಿ ಪುಟಕ್ಕೆ ನಾಲ್ಕು ನಿಮಿಷ ಹಿಡಿದರೂ ಅದು ನಿಧಾನವಲ್ಲ.

ಕಾದಂಬರಿಯ ವಿಷಯದಲ್ಲಿ ನಾನು ಒತ್ತಿ ಹೇಳುವುದು ಒಂದೇ: ಮೊದಲ ಕೂರುವಿಕೆ ಉದ್ದ ಇರಬೇಕು. ಶನಿವಾರ ರಾತ್ರಿಯೋ ಭಾನುವಾರ ಮಧ್ಯಾಹ್ನವೋ ಮನೆಯಲ್ಲಿ ಕೂತು ನಲವತ್ತು ಐವತ್ತು ಪುಟ ಒಂದೇ ಪಟ್ಟಿಗೆ ಓದಿ, ಸೋಮವಾರ ಗಾಡಿಗೆ ಒಯ್ಯಬೇಕು. ಶುರುವಿನಲ್ಲಿ ಓದುಗನಿಗೆ ಎಲ್ಲವೂ ಹೊಸದು: ಹೆಸರುಗಳು, ಊರು, ಯಾರು ಹೇಳುತ್ತಿದ್ದಾರೆ, ಎಷ್ಟು ದೂರದಿಂದ ಹೇಳುತ್ತಿದ್ದಾರೆ, ವಾಕ್ಯದ ನಡಿಗೆ. ಈ ಭಾರವನ್ನು ಏಳೆಂಟು ತುಂಡು ಮಾಡಿ ಹಂಚಿದರೆ ಪ್ರತಿದಿನವೂ ಅದೇ ಬಾಗಿಲಲ್ಲಿ ನಿಂತು ಪರಿಚಯ ಕೇಳಬೇಕಾಗುತ್ತದೆ. ನೂರಕ್ಕೆ ಅರವತ್ತು ಕಾದಂಬರಿ ಬಿಟ್ಟೆ ಎನ್ನುವವರನ್ನು ಕೇಳಿ ನೋಡಿ, ಸೋಮವಾರ ಬೆಳಿಗ್ಗೆ ಗಾಡಿಯಲ್ಲಿ ಮೂವರ ಬೆಂಚಿನ ನಾಲ್ಕನೇ ಸೀಟಿನ ಅಂಚಿನಲ್ಲಿ ಕೂತು ಶುರುಮಾಡಿದವರೇ ಹೆಚ್ಚು ಸಿಗುತ್ತಾರೆ.

ನಿಲ್ಲಿಸುವ ಜಾಗವೂ ಮುಖ್ಯ. ಅಧ್ಯಾಯ ಮುಗಿದ ಕಡೆ ಪುಸ್ತಕ ಮುಚ್ಚುವುದು ಎಲ್ಲರ ಅಭ್ಯಾಸ. ಮುಂದಿನ ಅಧ್ಯಾಯದ ಮೊದಲ ಪುಟ ಓದಿ ನಿಲ್ಲಿಸುವುದು ಅದಕ್ಕಿಂತ ಮೇಲು. ಹೊಸ ಅಧ್ಯಾಯದಲ್ಲಿ ಕಾಲವೋ ಸ್ಥಳವೋ ಬದಲಾಗುವುದು ಹೆಚ್ಚು. ಆ ಬದಲಾವಣೆಯನ್ನು ಇವತ್ತಿನ ಬಿಸಿಯಲ್ಲೇ ದಾಟಿಬಿಟ್ಟರೆ ನಾಳೆ ಗಾಡಿಯಲ್ಲಿ ತೆರೆದ ಕೂಡಲೇ ಒಳಗಿರುತ್ತೇವೆ. ಮಧ್ಯೆ ನಾಲ್ಕು ದಿನ ಬಿಟ್ಟುಹೋದರೆ ಹಿಂದಿನ ಐದು ಪುಟ ಮತ್ತೆ ಓದಬೇಕು. ಯಾರೋ ಬರೆದ ಸಾರಾಂಶ ಓದಿಕೊಂಡರೆ ಕತೆ ನೆನಪಾಗುತ್ತದೆಯೇ ಹೊರತು ದನಿ ಹಿಂತಿರುಗುವುದಿಲ್ಲ.

ಮುನ್ನುಡಿಯನ್ನು ಕೊನೆಗೆ ಓದಬೇಕು. ಕನ್ನಡದಲ್ಲಿ ಕಾದಂಬರಿಯ ಮುನ್ನುಡಿ ಎಂದರೆ ಬಹಳ ಸಲ ಪೂರ್ಣ ವಿಮರ್ಶೆ. ಯಾರು ಸತ್ತರು, ಯಾರು ಮನೆ ಬಿಟ್ಟರು ಎಲ್ಲವನ್ನೂ ಎರಡನೇ ಪುಟದಲ್ಲೇ ಹೇಳಿ ಆಮೇಲೆ ಅದರ ಅರ್ಥ ಬಿಡಿಸುತ್ತಾರೆ. ಅದರಲ್ಲಿ ಒಳ್ಳೆಯ ಬರಹಗಳು ಎಷ್ಟೋ ಇವೆ, ಅವುಗಳ ಜಾಗ ಪುಸ್ತಕದ ಹಿಂಭಾಗ. ಬೆನ್ನುಡಿಗೂ ಇದೇ ಮಾತು.

ಪುಟಗುರುತಿಗೆ ಒಂದು ಚೀಟಿ ಇಟ್ಟುಕೊಂಡು ಅದರ ಮೇಲೆ ಹೆಸರು ಬರೆಯುವುದು ದೊಡ್ಡ ಕುಟುಂಬದ ಕತೆಗಳಿಗೆ ತೀರ ಅವಶ್ಯ. ನಮ್ಮ ಕಾದಂಬರಿಗಳಲ್ಲಿ ಒಬ್ಬನೇ ಮನುಷ್ಯ ಮೂರು ಹೆಸರಲ್ಲಿ ಬರುತ್ತಾನೆ. ಅಮ್ಮನಿಗೆ ಸುಬ್ಬ, ಊರಿಗೆ ಸುಬ್ರಾಯ ಹೆಗಡೆ, ನಿರೂಪಕನಿಗೆ ದೊಡ್ಡಪ್ಪ. ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿಡದಿದ್ದರೆ ಎಪ್ಪತ್ತನೇ ಪುಟದ ಹೊತ್ತಿಗೆ ಮೂವರಾಗುತ್ತಾರೆ. ಮಾವ, ಅತ್ತೆ, ಭಾವ ಎಂಬಲ್ಲಿ ಯಾರ ಕಡೆಯಿಂದ ಎಂದು ಗುರುತು ಹಾಕಬೇಕು. ಆಸ್ತಿಯ ಜಗಳ, ಸೋದರ ಸಂಬಂಧದ ಮದುವೆ ಬಂದಾಗ ಕತೆ ಪೂರ್ತಿ ಆ ಗುರುತಿನ ಮೇಲೆ ನಿಂತಿರುತ್ತದೆ.

ಮುಂಬಯಿಯಲ್ಲಿ ಇನ್ನೊಂದು ತೊಡಕು, ಪ್ರಾದೇಶಿಕ ಕನ್ನಡ. ಇಲ್ಲಿ ಉಡುಪಿಯವರ ಪಕ್ಕದಲ್ಲಿ ಧಾರವಾಡದವರು, ಅವರ ಪಕ್ಕದಲ್ಲಿ ಅಂಕೋಲೆಯವರು. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವವರು ಪುಸ್ತಕದಲ್ಲಿ ವಿಜಾಪುರದ ಮಾತು ಕಂಡರೆ ಮೂರು ಪುಟಕ್ಕೇ ಮುಚ್ಚಿಡುತ್ತಾರೆ. ಇದಕ್ಕೆ ನಿಘಂಟು ಮದ್ದಲ್ಲ, ಆ ಪದಗಳು ಹೆಚ್ಚಿನ ನಿಘಂಟುಗಳಲ್ಲಿ ಇರುವುದೂ ಇಲ್ಲ. ಸಂಭಾಷಣೆ ಇರುವ ಎರಡು ಪುಟವನ್ನು ಮನೆಯಲ್ಲಿ ಬಾಯಿಬಿಟ್ಟು ಗಟ್ಟಿಯಾಗಿ ಓದಬೇಕು. ಕಣ್ಣಿಗೆ ಒಗಟಿನಂತೆ ಕಂಡದ್ದು ಕಿವಿಗೆ ತಿಳಿಯುತ್ತದೆ: ‘ಹೋಗ್ಯಾನ’, ‘ಬಂದಾಳ’ ಎಂಬ ಕ್ರಿಯಾಪದದ ತಿರುವು ನಾಲ್ಕೈದು ಸಲ ಕಿವಿಗೆ ಬಿದ್ದರೆ ಮುಂದೆ ಅಡ್ಡ ಬರುವುದಿಲ್ಲ. ಹದಿನೈದು ಪುಟ ದಾಟಿದ ಮೇಲೂ ಉಳಿಯುವ ಪದಗಳನ್ನು ಪಟ್ಟಿ ಮಾಡಿ ಆ ಕಡೆಯವರನ್ನು ಕೇಳಿದರಾಯಿತು. ಅಂಥವರು ಒಬ್ಬರಾದರೂ ಪಕ್ಕದ ಬಿಲ್ಡಿಂಗಿನಲ್ಲೇ ಸಿಗುವುದು ಈ ಊರಿನ ಸೌಭಾಗ್ಯ.

ಸಣ್ಣಕತೆಗೆ ಇಷ್ಟೆಲ್ಲ ಬೇಡ. ಒಂದು ಪ್ರಯಾಣಕ್ಕೆ ಒಂದು ಕತೆ, ಮುಗಿದ ಮೇಲೆ ಪುಸ್ತಕ ಮುಚ್ಚಬೇಕು. ತಕ್ಷಣ ಇನ್ನೊಂದಕ್ಕೆ ಹಾರಿದರೆ ಎರಡೂ ಕಲಸಿಹೋಗುತ್ತವೆ.

ಸಂಗತಿಯ ಪುಸ್ತಕವನ್ನು ಇದರ ತಿರುವುಮುರುವಾಗಿ ಓದಬೇಕು. ಬಿಟ್ಟು ಬಿಟ್ಟು, ಮೇಜಿನ ಮುಂದೆ, ಕೈಯಲ್ಲಿ ಪೆನ್ಸಿಲ್ ಹಿಡಿದು. ಮೊದಲ ಇಪ್ಪತ್ತು ನಿಮಿಷ ಓದಲೇಬಾರದು, ಪುಸ್ತಕವನ್ನು ತಪಾಸಣೆ ಮಾಡಬೇಕು. ಪರಿವಿಡಿ ನೋಡಿ, ಕೊನೆಯ ಪರಾಮರ್ಶನ ಪಟ್ಟಿ ನೋಡಿ, ಅಡಿಟಿಪ್ಪಣಿ ಇದೆಯೇ, ನಕ್ಷೆ ಕೋಷ್ಟಕ ಇವೆಯೇ ನೋಡಿ. ಪರಾಮರ್ಶನ ಪಟ್ಟಿಯಲ್ಲಿ ಮೂಲ ದಾಖಲೆ, ಗೆಜೆಟಿಯರ್, ಶಾಸನ, ವರದಿಗಳಿವೆಯೋ ಅಥವಾ ಇದೇ ವಿಷಯದ ಬೇರೆ ಪುಸ್ತಕಗಳು ಮಾತ್ರವೋ ಎನ್ನುವುದರಿಂದಲೇ ಅರ್ಧ ತೀರ್ಪು ಸಿಗುತ್ತದೆ. ಆಮೇಲೆ ನಮಗೆ ಏನು ತಿಳಿಯಬೇಕಾಗಿದೆ ಎಂಬ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ಪ್ರಶ್ನೆ ಇಲ್ಲದೆ ಹೊರಟವರೇ ಐವತ್ತನೇ ಪುಟದಲ್ಲಿ ನಿಲ್ಲುವುದು.

ಓದುವ ಕ್ರಮ ಹೀಗಿರಲಿ: ಮೊದಲು ಪೀಠಿಕೆ, ಎರಡನೆಯದಾಗಿ ಕೊನೆಯ ಅಧ್ಯಾಯ, ಮೂರನೆಯದಾಗಿ ನಮಗೆ ಈಗಾಗಲೇ ಚೆನ್ನಾಗಿ ಗೊತ್ತಿರುವ ವಿಷಯದ ಅಧ್ಯಾಯ. ಈ ಮೂರನೆಯದು ಪರೀಕ್ಷೆ. ಕರಾವಳಿಯ ಚರಿತ್ರೆ ಓದುವ ಕುಂದಾಪುರದವರು ಕುಂದಾಪುರದ ಭಾಗ ನೋಡಬೇಕು, ಬ್ಯಾಂಕಿನಲ್ಲಿ ದುಡಿದವರು ಬ್ಯಾಂಕಿಂಗ್ ಬಗ್ಗೆ ಬರೆದದ್ದನ್ನು ನೋಡಬೇಕು. ಗೊತ್ತಿರುವ ಕಡೆ ಲೇಖಕರು ಎಡವಿದ್ದರೆ ಗೊತ್ತಿಲ್ಲದ ಕಡೆ ಪೂರ್ತಿ ನಂಬುವ ಹಾಗಿಲ್ಲ. ಗೊತ್ತಿರುವ ಕಡೆಯೇ ನಮಗೆ ಹೊಸದೊಂದು ಕಾಣಿಸಿಕೊಟ್ಟರೆ ಉಳಿದದ್ದನ್ನು ಧೈರ್ಯವಾಗಿ ಓದಬಹುದು. ಇದಾದ ಮೇಲೆಯೇ ಒಂದನೇ ಅಧ್ಯಾಯ.

ಕನ್ನಡದ ಬಹುಪಾಲು ವೈಚಾರಿಕ ಪುಸ್ತಕಗಳಲ್ಲಿ ಪದಸೂಚಿ ಇರುವುದಿಲ್ಲ. ಇದು ನನಗೆ ತುಂಬ ನೋವಿನ ವಿಷಯ. ನಾಲ್ಕು ನೂರು ಪುಟದ ಚರಿತ್ರೆಗೆ ಸೂಚಿ ಇಲ್ಲದಿದ್ದರೆ ಓದಿ ಎರಡು ವರ್ಷದ ಮೇಲೆ ಅದರಿಂದ ಏನನ್ನೂ ಹುಡುಕಿ ತೆಗೆಯಲಾಗುವುದಿಲ್ಲ. ಆದ್ದರಿಂದ ಹಿಂದಿನ ಖಾಲಿ ಹಾಳೆಯಲ್ಲಿ ನಾವೇ ಮಾಡಿಕೊಳ್ಳಬೇಕು. ‘ರಾತ್ರಿ ಶಾಲೆ 34, 71, 112’, ‘ಬಾಡಿಗೆ 58’, ‘ಪ್ಲೇಗ್ 19, 22’ ಹೀಗೆ, ವಿಷಯಕ್ಕೊಂದು ಸಾಲು. ಎಲ್ಲವನ್ನೂ ಸೇರಿಸಹೋದರೆ ಮೂರನೇ ಅಧ್ಯಾಯಕ್ಕೆ ಬೇಸರವಾಗಿ ಬಿಟ್ಟುಬಿಡುತ್ತೇವೆ, ಮತ್ತೆ ಬೇಕಾಗಬಹುದಾದ ಹದಿನೈದು ಇಪ್ಪತ್ತು ವಿಷಯ ಸಾಕು. ಬರೆಯಲು 2ಬಿ ಪೆನ್ಸಿಲ್ ಒಳ್ಳೆಯದು. ಗಟ್ಟಿ ಪೆನ್ಸಿಲ್ಲೂ ಬಾಲ್‌ಪೆನ್ನೂ 70 ಜಿಎಸ್‌ಎಂ ಕಾಗದದ ಹಿಂಬದಿಗೆ ಗೀರು ಮೂಡಿಸುತ್ತವೆ. ಮಳೆಗಾಲದಲ್ಲಿ ತೇವ ಹೀರಿದ ಹಾಳೆಯ ಮೇಲೆ ಜೆಲ್ ಪೆನ್ ಹರಡುತ್ತದೆ. ಗ್ರಂಥಾಲಯದ ಪ್ರತಿಯಾದರೆ ಸೂಚಿ ಬೇರೆ ಕಾಗದದಲ್ಲಿ.

ಸಾಲುಸಾಲಿಗೂ ಅಡಿಗೆರೆ ಎಳೆಯುವುದು ಓದಿದ ಸಮಾಧಾನ ಕೊಡುತ್ತದೆ, ನೆನಪು ಕೊಡುವುದಿಲ್ಲ. ಅದರ ಬದಲು ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ ಐದು ಸಾಲು ಬರೆಯಬೇಕು. ಬರೆಯಲು ಬಾರದ ಕಡೆ ಅರ್ಥವಾಗಿಲ್ಲ ಎಂದು ತಿಳಿಯಿರಿ. ವಿಜ್ಞಾನ, ಅರ್ಥಶಾಸ್ತ್ರದ ಅನುವಾದಗಳಲ್ಲಿ ಪಾರಿಭಾಷಿಕ ಪದಗಳ ಪಟ್ಟಿಯನ್ನೂ ಇಟ್ಟುಕೊಳ್ಳಬೇಕು. ಒಬ್ಬರ ಪುಸ್ತಕದಲ್ಲಿ ‘ಜೀನ್’ ಆದದ್ದು ಇನ್ನೊಬ್ಬರಲ್ಲಿ ‘ವಂಶವಾಹಿ’, ಮತ್ತೊಬ್ಬರಲ್ಲಿ ‘ಗುಣಾಣು’. ಇವು ಒಂದೇ ಎಂದು ಗೊತ್ತಾಗದೆ ಓದುವವರು ವಿಷಯವೇ ಕಷ್ಟ ಎಂದುಕೊಳ್ಳುತ್ತಾರೆ.

ಹೀಗಾಗಿ ಈ ಊರಿನ ದಿನಚರಿಯಲ್ಲಿ ನಾನು ಹೇಳುವ ಹಂಚಿಕೆ ಇದು: ಬೆಳಿಗ್ಗೆ ಠಾಣೆ, ಮುಲುಂಡ್ ಕಡೆ ಹತ್ತುವವರಿಗೆ ಸೀಟು ಸಿಗುವುದಿಲ್ಲ, ಆಗ ತೆಳ್ಳನೆಯ ಕಥಾಸಂಕಲನ ಅಥವಾ ಪ್ರಬಂಧ. ಸಂಜೆ ಚರ್ಚ್‌ಗೇಟ್, ಸಿಎಸ್‌ಎಂಟಿಯಲ್ಲಿ ಗಾಡಿ ಅಲ್ಲಿಂದಲೇ ಹೊರಡುವುದರಿಂದ ಒಂದು ಗಾಡಿ ಬಿಟ್ಟರೆ ಸೀಟು ಸಿಗುತ್ತದೆ, ಆಗ ಕಾದಂಬರಿ. ದಣಿದ ತಲೆಗೆ ಕತೆಯ ಎಳೆ ಆಧಾರ ಕೊಡುತ್ತದೆ, ವಾದದ ಎಳೆ ಕೊಡುವುದಿಲ್ಲ. ಸಂಗತಿಯ ಪುಸ್ತಕ ಭಾನುವಾರ ಬೆಳಿಗ್ಗೆ, ಒಂದು ವಾರಕ್ಕೆ ಒಂದು ಅಧ್ಯಾಯ. ಹನ್ನೆರಡು ಅಧ್ಯಾಯದ ಪುಸ್ತಕ ಮೂರು ತಿಂಗಳು ಹಿಡಿಯಿತೆಂದು ಸಂಕೋಚಪಡಬೇಕಾಗಿಲ್ಲ.

ಗ್ರಂಥಾಲಯದಲ್ಲೂ ಈ ಎರಡು ಬಗೆಯ ಓದುಗರ ಕಾಲಿಗೆ ಬೇರೆ ಬೇರೆ ಕೆಲಸ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಕಾದಂಬರಿಯವರು ಆ ಒಂದು ಸಾಲಿನ ಮುಂದೆ ನಿಂತರೆ ಮುಗಿಯಿತು. ಸಂಗತಿ ಬೇಕಾದವರು ಸಮಾಜಕ್ಕೆ 300ಕ್ಕೆ, ವಿಜ್ಞಾನಕ್ಕೆ 500ಕ್ಕೆ, ಜೀವನಚರಿತ್ರೆಗೆ 920ಕ್ಕೆ, ಭಾರತದ ಇತಿಹಾಸಕ್ಕೆ 954ಕ್ಕೆ ನಡೆಯಬೇಕು. ಪ್ರಬಂಧಗಳು ಮಾತ್ರ ಕಾದಂಬರಿಯ ನೆರೆಯಲ್ಲೇ, 894.814ರ ಒಳಗೇ ಇರುತ್ತವೆ. ಸಂಘಗಳ ಸಣ್ಣ ಗ್ರಂಥಾಲಯಗಳಲ್ಲಿ ಪುಸ್ತಕ ಬಂದ ಕ್ರಮದ ನೋಂದಣಿ ಸಂಖ್ಯೆಯ ಪ್ರಕಾರ ಜೋಡಿಸಿರುವುದುಂಟು. ಅಲ್ಲಿ ಕಪಾಟಿನ ಬದಲು ರಿಜಿಸ್ಟರನ್ನೇ ಓದುವುದು ಬೇಗ.

ಎರಡರ ನಡುವಿನ ಗೆರೆ ನಾವು ತಿಳಿದಷ್ಟು ನೇರವಾಗಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರದ ಪುಸ್ತಕ. ಗಿಡಗಳ ಶಾಸ್ತ್ರೀಯ ಹೆಸರು, ರೇಖಾಚಿತ್ರ ಎಲ್ಲ ಇದೆ; ಆದರೆ ವಿದ್ಯಾರ್ಥಿಗಳ ಜತೆ ಕಾಡು ಸುತ್ತಿದ ಕಥನವಾಗಿ ಸಾಗುತ್ತದೆ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರ ಕಾದಂಬರಿ, ಹಾರುವ ಓತಿಯ ಹುಡುಕಾಟದಲ್ಲಿ ಜೀವವಿಕಾಸದ ವಿಚಾರವನ್ನು ಓದುಗರ ತಲೆಗೆ ಹಾಕುತ್ತದೆ. ಮೊದಲನೆಯದನ್ನು ಕಾದಂಬರಿಯ ಹಾಗೆ ಒಂದೇ ಓಟಕ್ಕೆ ಓದಿ, ಎರಡನೇ ಸಲ ಗಿಡಗಳಿಗಾಗಿ ಪೆನ್ಸಿಲ್ ಹಿಡಿದು ಓದಬಹುದು. ಎರಡನೆಯದರಿಂದ ಜೀವಶಾಸ್ತ್ರದ ಸಾಕ್ಷ್ಯವನ್ನು ಎತ್ತಬಾರದು, ಕುತೂಹಲವನ್ನು ಎತ್ತಿಕೊಳ್ಳಬೇಕು.

ಮುಂಬಯಿಯದೇ ಉದಾಹರಣೆ ಬೇಕೆಂದರೆ ಯಶವಂತ ಚಿತ್ತಾಲರ ‘ಶಿಕಾರಿ’ ಇದೆ, 1979ರದು. ಚಿತ್ತಾಲರು ವೃತ್ತಿಯಿಂದ ಪಾಲಿಮರ್ ತಂತ್ರಜ್ಞರು. ಕಾದಂಬರಿಯ ನಾಗಪ್ಪ ಇಲ್ಲಿನ ಒಂದು ರಾಸಾಯನಿಕ ಕಂಪನಿಯ ಅಧಿಕಾರಿ, ಕೆಲಸದಿಂದ ಅಮಾನತಾದವನು. ಆ ಕಾಲದ ಉದ್ಯಮದ ಅಂಕಿಅಂಶ ಬೇಕಾದವರು ಇದನ್ನು ತೆರೆದರೆ ಬರಿಗೈಯಲ್ಲಿ ಮರಳುತ್ತಾರೆ. ಕಚೇರಿಯ ಸಂಚು ಒಬ್ಬನ ತಲೆಯೊಳಗೆ ಹೇಗೆ ಬೆಳೆಯುತ್ತದೆ, ಯಾರನ್ನು ನಂಬಬೇಕೆಂದು ತಿಳಿಯದ ಸ್ಥಿತಿಯಲ್ಲಿ ಮಾತು ಹೇಗೆ ತೊದಲುತ್ತದೆ ಎನ್ನುವುದು ಯಾವ ಕಂಪನಿಯ ವಾರ್ಷಿಕ ವರದಿಯಲ್ಲೂ ಇರುವುದಿಲ್ಲ. ಬಾಡಿಗೆ ಮನೆಗಳ ವಿಷಯವೂ ಹೀಗೆಯೇ. 1947ರ ಬಾಡಿಗೆ ನಿಯಂತ್ರಣ ಕಾನೂನು ಏನು ಹೇಳಿತು, 1999ರ ಕಾನೂನು ಏನನ್ನು ಬದಲಿಸಿತು ಎಂಬುದಕ್ಕೆ ಸಂಗತಿಯ ಪುಸ್ತಕವೇ ಬೇಕು. ಪಗಡಿ (ಬಾಡಿಗೆಗೆ ಹಿಡಿಯುವಾಗ ಒಟ್ಟಿಗೆ ಕೊಡುವ ದೊಡ್ಡ ಮೊತ್ತ) ಕೊಟ್ಟು ಹಿಡಿದ ಒಂದು ಕೋಣೆಯಲ್ಲಿ ಮೂರು ತಲೆಮಾರು ಮಲಗಿದಾಗ ಗಂಡಹೆಂಡಿರು ಎಲ್ಲಿ ಮಾತಾಡಿಕೊಂಡರು ಎನ್ನುವುದಕ್ಕೆ ಕತೆಯೇ ಬೇಕು.

ಆತ್ಮಕಥೆಗಳನ್ನು ಎರಡೂ ಕಣ್ಣಿನಿಂದ ನೋಡಬೇಕು. ಜಾಗ, ಅಭ್ಯಾಸ, ಊಟ, ಕೂಲಿ, ದಾರಿಗಳ ವಿಷಯದಲ್ಲಿ ನೆನಪು ಗಟ್ಟಿ. ವರ್ಷಗಳ ವಿಷಯದಲ್ಲಿ ಜಾರುತ್ತದೆ. ಮುಂಬಯಿಯ ಆತ್ಮಕಥೆಗೆ ಕೆಲವು ಗೂಟಗಳನ್ನು ನೆನಪಿಟ್ಟರೆ ವರ್ಷ ತಾಳೆ ನೋಡಲು ಬರುತ್ತದೆ. ಇಲ್ಲಿ ಟ್ರಾಮ್ ನಿಂತದ್ದು 1964ರ ಮಾರ್ಚ್ 31ಕ್ಕೆ. ಪೈಸೆಯ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ, ಅದಕ್ಕಿಂತ ಮುಂಚೆ ರೂಪಾಯಿಗೆ 16 ಆಣೆ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರ ತನಕ ಬೊಂಬಾಯಿ ರಾಜ್ಯದಲ್ಲೇ ಇದ್ದವು. ಅಲ್ಲಿಂದ ಬಂದವರು ಆಗ ರಾಜ್ಯ ಬಿಟ್ಟು ಬಂದವರಲ್ಲ, ತಮ್ಮ ರಾಜಧಾನಿಗೆ ಬಂದವರು. ದಕ್ಷಿಣ ಕನ್ನಡದವರು ಬಂದದ್ದು ಮದ್ರಾಸ್ ರಾಜ್ಯದಿಂದ. ಇದನ್ನು ಮರೆತು ಓದಿದರೆ ಆ ತಲೆಮಾರಿನ ಎಷ್ಟೋ ಮಾತುಗಳು ತಪ್ಪಾಗಿ ಕೇಳಿಸುತ್ತವೆ.

ಈಗ ಯಾರೂ ಪುಸ್ತಕವೆಂದು ಎಣಿಸದ ಆ ಬಗೆಗೆ ಬರುತ್ತೇನೆ: ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳು. ಮಾಟುಂಗದ ಮೈಸೂರು ಅಸೋಸಿಯೇಶನ್ 1926ರದು. ಹಾಗೆ ದಶಕಗಳಷ್ಟು ಹಳೆಯ ಸಂಘಗಳು, ಜಾತಿ ಸಮುದಾಯಗಳ ಸಂಘಗಳು, ರಾತ್ರಿ ಶಾಲೆಗಳು, ಯಕ್ಷಗಾನ ಮಂಡಳಿಗಳು ಈ ಊರಿನಲ್ಲಿ ಎಷ್ಟೋ ಇವೆ. ಬೆಳ್ಳಿ, ಚಿನ್ನ, ವಜ್ರ ಮಹೋತ್ಸವ ಎಂದು ಸಂಚಿಕೆ ತರುತ್ತವೆ. ಜನ ಅವನ್ನು ತಮ್ಮ ಫೋಟೋ ನೋಡಿ ಅಟ್ಟಕ್ಕೆ ಹಾಕುತ್ತಾರೆ, ಅಟ್ಟದಿಂದ ರದ್ದಿಗೆ ಹೋಗುತ್ತವೆ. ಮುಂಬಯಿ ಕನ್ನಡಿಗರ ಬದುಕಿನ ಬಗ್ಗೆ ಇವುಗಳಷ್ಟು ಹತ್ತಿರದ ದಾಖಲೆ ಬೇರೆ ಇಲ್ಲವೆಂದೇ ನನ್ನ ನಂಬಿಕೆ. ಓದುವ ಕ್ರಮ ಮಾತ್ರ ಗೊತ್ತಿರಬೇಕು.

ಹಿಂದಿನಿಂದ ಶುರುಮಾಡಬೇಕು, ಜಾಹೀರಾತಿನಿಂದ. ಹೋಟೆಲು, ಕೇಟರರ್, ಟ್ರಾನ್ಸ್‌ಪೋರ್ಟ್, ಬ್ಯಾಂಕು, ಲಾಂಡ್ರಿ, ಪ್ರಿಂಟಿಂಗ್ ಪ್ರೆಸ್ಸು: ಯಾವ ವರ್ಷ ಕನ್ನಡಿಗರ ಕೈಯಲ್ಲಿ ಯಾವ ಯಾವ ಉದ್ಯೋಗ ಇತ್ತು, ಯಾವ ಬೀದಿಯಲ್ಲಿ ಇತ್ತು ಎಂದು ಜಾಹೀರಾತೇ ಹೇಳುತ್ತದೆ. ರಟ್ಟು ಹರಿದು ವರ್ಷ ಹೋಗಿದ್ದರೂ ವಿಳಾಸದಿಂದ ಕಾಲ ಹಿಡಿಯಬಹುದು. ‘ಬೊಂಬಾಯಿ-19’ ಎಂದಷ್ಟೇ ಇದ್ದರೆ ಬಹುಮಟ್ಟಿಗೆ 1972ಕ್ಕಿಂತ ಹಿಂದಿನದು. ಆ ವರ್ಷದ ಆಗಸ್ಟ್ 15ಕ್ಕೆ ಪಿನ್‌ಕೋಡ್ ಬಂದ ಮೇಲೆ ಅದೇ ಮಾಟುಂಗ 400 019 ಆಯಿತು. ಹಳೇ ರೂಢಿಯಲ್ಲಿ ಕೆಲವರು ಮುಂದೆಯೂ 19 ಎಂದೇ ಬರೆದಿರುವುದರಿಂದ ಒಂದೇ ಜಾಹೀರಾತು ನಂಬದೆ ನಾಲ್ಕೈದನ್ನು ನೋಡಬೇಕು. ಫೋನ್ ನಂಬರಿನ ಅಂಕಿಗಳ ಸಂಖ್ಯೆಯೂ ಸಹಾಯಕ್ಕೆ ಬರುತ್ತದೆ, ಹಳೆಯವು ಚಿಕ್ಕವು, ಈಗಿನ ಲ್ಯಾಂಡ್‌ಲೈನಿನವು ಎಂಟಂಕಿಯವು.

ಆಮೇಲೆ ಕಾರ್ಯದರ್ಶಿಯ ವರದಿ ಮತ್ತು ಜಮಾಖರ್ಚು. ಸದಸ್ಯರೆಷ್ಟು, ಚಂದಾ ಎಷ್ಟು, ಹಾಲ್ ಬಾಡಿಗೆ ಎಷ್ಟು, ವಿದ್ಯಾರ್ಥಿವೇತನಕ್ಕೆ ಎಷ್ಟು. ಈ ಮೊತ್ತಗಳನ್ನು ಇವತ್ತಿನ ರೂಪಾಯಿಗೆ ಪರಿವರ್ತಿಸಲು ಹೋಗಬೇಡಿ, ತಪ್ಪುವ ಸಂಭವವೇ ಹೆಚ್ಚು. ಅದೇ ಸಂಚಿಕೆಯಲ್ಲಿ ಇನ್ನೊಂದು ದರ ಹುಡುಕಿ: ಊಟದ ತಟ್ಟೆಯ ದರ, ನಾಟಕದ ಟಿಕೇಟಿನ ದರ, ಸಂಚಿಕೆಯದೇ ಬೆಲೆ. ವರ್ಷದ ಚಂದಾ ಎಷ್ಟು ಊಟಕ್ಕೆ ಸಮ ಎಂದು ತಿಳಿದರೆ ಅದು ಯಾರ ಕೈಗೆಟುಕುವ ಸಂಘವಾಗಿತ್ತು ಎಂದು ತಾನಾಗಿ ತಿಳಿಯುತ್ತದೆ.

ಗುಂಪು ಫೋಟೋದ ಕೆಳಗಿನ ‘ಕುಳಿತವರು, ಎಡದಿಂದ ಬಲಕ್ಕೆ’ ಎಂಬ ಸಾಲನ್ನು ಬೆರಳಿಟ್ಟು ಓದಬೇಕು. ತಲೆಗಳನ್ನೂ ಹೆಸರುಗಳನ್ನೂ ಎಣಿಸಿ ನೋಡಿದರೆ ಕೆಲವೊಮ್ಮೆ ಒಂದು ತಲೆ ಹೆಚ್ಚಿರುತ್ತದೆ, ಹೆಸರು ಇರುವುದಿಲ್ಲ. ಹೆಚ್ಚಾಗಿ ಅದು ಅಂಚಿನಲ್ಲಿ ನಿಂತ ಹುಡುಗ. ಹೆಂಗಸರು ಯಾವ ವರ್ಷದ ಫೋಟೋದಿಂದ ಕಾಣಿಸಿಕೊಳ್ಳುತ್ತಾರೆ, ಯಾವ ವರ್ಷದಿಂದ ಕುರ್ಚಿಯ ಸಾಲಿಗೆ ಬರುತ್ತಾರೆ ಎಂದು ಒಂದರ ಪಕ್ಕ ಒಂದು ಸಂಚಿಕೆ ಇಟ್ಟು ನೋಡಿದರೆ ಅದೇ ಒಂದು ಚರಿತ್ರೆ. ಮಂತ್ರಿಗಳ ಶುಭಸಂದೇಶಗಳನ್ನು ಬಿಡಬಹುದು. ಹಿರಿಯರ ನೆನಪಿನ ಲೇಖನಗಳನ್ನು ಬಿಡಬಾರದು. ಅವರು ಕೊಡುವ ವರ್ಷವನ್ನು ಇನ್ನೊಂದು ಮೂಲದಿಂದ ತಾಳೆ ನೋಡದೆ ಎಲ್ಲೂ ಬರೆಯಬಾರದು.

ಇಲ್ಲೇ ಹುಟ್ಟಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ, ಕನ್ನಡವನ್ನು ಮನೆಯಲ್ಲಿ ಕೇಳಿ ಕಲಿತ ಮಕ್ಕಳಿಗೆ ಯಾವುದರಿಂದ ಶುರು ಎಂದು ಬಹಳ ಜನ ಕೇಳುತ್ತಾರೆ. ಕತೆಯಿಂದ, ಸಂಭಾಷಣೆ ಹೆಚ್ಚಿರುವ ಕತೆಯಿಂದ. ಕಿವಿಯಲ್ಲಿರುವ ಮಾತು ಪುಟದಲ್ಲಿ ಸಿಕ್ಕಾಗ ಅಕ್ಷರ ಬೇಗ ಕೂಡಿಕೊಳ್ಳುತ್ತದೆ. ವೈಚಾರಿಕ ಬರಹದ ‘ಪರಿಪ್ರೇಕ್ಷ್ಯ’, ‘ಸಾಂಸ್ಥೀಕರಣ’ದಂಥ ಪದಗಳು ಒತ್ತಕ್ಷರದ ಮೇಲೆ ಒತ್ತಕ್ಷರ ಹೇರಿ ಅವರನ್ನು ನಿಲ್ಲಿಸಿಬಿಡುತ್ತವೆ. ಅಕ್ಷರದ ಗಾತ್ರ 14 ಪಾಯಿಂಟ್ ಇರಲಿ, ಸಾಲುಗಳ ನಡುವೆ ಒತ್ತುಗಳಿಗೆ ಜಾಗ ಇರಲಿ. ಇಕ್ಕಟ್ಟಾದ ಮುದ್ರಣದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿಸಿಗೆ ತಾಗಿ, ಹೊಸ ಓದುಗರಿಗೆ ಯಾವುದು ಯಾವುದರದೆಂದೇ ತಿಳಿಯುವುದಿಲ್ಲ.

ಬಿಡುವುದನ್ನೂ ಕಲಿಯಬೇಕು. ಉದ್ದನೆಯ ಮೊದಲ ಕೂರುವಿಕೆ ಕೊಟ್ಟು, ಅರವತ್ತು ಎಪ್ಪತ್ತು ಪುಟ ದಾಟಿಯೂ ಒಬ್ಬ ಪಾತ್ರದ ಮುಂದಿನ ಗತಿಯ ಬಗ್ಗೆಯಾದರೂ ಕುತೂಹಲ ಹುಟ್ಟದಿದ್ದರೆ ಆ ಕಾದಂಬರಿಯನ್ನು ಪೂರ್ತಿ ಬಿಡಬೇಕು. ಕಾದಂಬರಿಯನ್ನು ಅಲ್ಲೊಂದು ಇಲ್ಲೊಂದು ಪುಟ ನೋಡಿ ಪ್ರಯೋಜನವಿಲ್ಲ. ಸಂಗತಿಯ ಪುಸ್ತಕವನ್ನು ಹಾಗೆ ಪೂರ್ತಿ ಬಿಡಬೇಕಾಗಿಲ್ಲ, ಸಲ್ಲದ ಅಧ್ಯಾಯ ಬಿಟ್ಟರೆ ಸಾಕು. ಹನ್ನೆರಡರಲ್ಲಿ ನಾಲ್ಕು ಅಧ್ಯಾಯ ನಮ್ಮ ಪ್ರಶ್ನೆಗೆ ಉತ್ತರ ಕೊಟ್ಟರೆ ಅದು ಓದಿ ಮುಗಿಸಿದ ಪುಸ್ತಕವೇ. ಬಿಟ್ಟ ಪುಸ್ತಕವನ್ನು ಸಂಘದ ಗ್ರಂಥಾಲಯಕ್ಕೆ ಕೊಡುವಾಗ ಒಳಗೆ ಒಂದು ಚೀಟಿ ಇಡಿ: ಯಾವ ಪುಟದಲ್ಲಿ ನಿಲ್ಲಿಸಿದ್ದು, ಯಾಕೆ ನಿಲ್ಲಿಸಿದ್ದು, ಯಾವ ವಿಷಯದಲ್ಲಿ ಆಸಕ್ತಿ ಇರುವವರು ಓದಬಹುದು. ಸಂಗತಿಯ ಪುಸ್ತಕವಾದರೆ ನೀವು ಮಾಡಿಕೊಂಡ ಸೂಚಿಯನ್ನೂ ಅದರ ಜತೆಗೇ ಇಡಿ, ಮುಂದೆ ತೆಗೆದುಕೊಳ್ಳುವವರಿಗೆ ಅರ್ಧ ಕೆಲಸ ಮುಗಿದಿರುತ್ತದೆ.